ಸ್ಕ್ರೀನ್ ಬಂತು, ಕಲಿಸಿದ್ದು ಯಾರಿಗೆ? ಪಹಣಿಯಿಂದ ಸ್ಮಾರ್ಟ್ ಸಿಟಿವರೆಗೆ

ಇದನ್ನ ರೆಕಾರ್ಡ್ ಮಾಡ್ತಿರೋದು ತುಮಕೂರಿನ ಶಿರಾ ಗೇಟ್ ಹತ್ತಿರದ ಒಂದು ರೂಮಲ್ಲಿ. ಮಧ್ಯೆ ಲಾರಿ ಹಾರನ್ ಬಂದ್ರೆ ಅದು ನನ್ನ ಎಡಿಟಿಂಗ್ ತಪ್ಪಲ್ಲ, ಶಿರಾ ರೋಡಿನ ಸ್ವಭಾವ.

ಹೋದ ವಾರ ಇಲ್ಲೇ ಕೆಳಗೆ ಟೀ ಕುಡೀತಾ ನಿಂತಿದ್ದೆ. ಪಕ್ಕದಲ್ಲಿದ್ದ ಆಟೋ ಅಣ್ಣ ಒಬ್ರು ಕಂಬದ ಮೇಲಿನ ಕ್ಯಾಮೆರಾ ತೋರಿಸಿ, "ಇದನ್ನ ಆ ಕಡೆ ಕೂತ್ಕೊಂಡು ಯಾರ್ ನೋಡ್ತಾರಮ್ಮ?" ಅಂದ್ರು. "ಕಂಟ್ರೋಲ್ ರೂಮಲ್ಲಿ ನೋಡ್ತಾರೆ ಅಣ್ಣ" ಅಂದೆ. "ರೂಮು ಗೊತ್ತು. ಯಾರು ಅಂತ ಕೇಳಿದ್ದು. ಕಾರ್ಪೊರೇಷನ್ನೋರಾ, ಪೊಲೀಸ್ನೋರಾ, ಇಲ್ಲ ಕಂಪನಿ ಹುಡುಗ್ರಾ?"

ಉತ್ತರ ಹುಡುಕೋಕೆ ಹೋದವಳು ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ನಮ್ಮ ರಾಜ್ಯದಲ್ಲಿ ಸರ್ಕಾರಿ ಕಚೇರಿಗೋ ಸರ್ಕಾರಿ ಶಾಲೆಗೋ ಹೊಸ ಯಂತ್ರ ಬಂದಾಗ ಅದನ್ನ ಯಾರಿಗೆ ಕಲಿಸಿದ್ರು, ಕಲಿತವರು ಆಮೇಲೆ ಎಲ್ಲಿ ಹೋದ್ರು? ಈ ಸಂಚಿಕೆ ಇಷ್ಟೇ. ಕೊನೇಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ, ಇರ್ಲಿ.

ಮೊದಲು ನಮ್ಮ ಊರಿನ ತಾರೀಖುಗಳು. ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಮಿಷನ್ ಶುರು ಮಾಡಿದ್ದು 2015ರ ಜೂನ್ 25ಕ್ಕೆ. ಗುರಿ 100 ನಗರ. ಕರ್ನಾಟಕದಿಂದ ಮೊದಲ ಪಟ್ಟಿಯಲ್ಲಿ ಬೆಳಗಾವಿ, ದಾವಣಗೆರೆ ಬಂದವು. 2016ರ ಸೆಪ್ಟೆಂಬರ್‌ನಲ್ಲಿ ತುಮಕೂರು, ಶಿವಮೊಗ್ಗ, ಮಂಗಳೂರು, ಹುಬ್ಬಳ್ಳಿ-ಧಾರವಾಡ. ಬೆಂಗಳೂರು ಸೇರಿದ್ದು 2017ರಲ್ಲಿ. ಹೌದು, ಈ ಒಂದು ಪರೀಕ್ಷೆಯಲ್ಲಿ ನಾವು ಬೆಂಗಳೂರಿಗಿಂತ ಮುಂಚೆ ಪಾಸು. ಒಂದೊಂದು ನಗರಕ್ಕೆ ಕೇಂದ್ರದಿಂದ 500 ಕೋಟಿ, ಅಷ್ಟೇ ಮೊತ್ತ ರಾಜ್ಯದಿಂದ ಅನ್ನೋದು ಲೆಕ್ಕಾಚಾರ. ಕೆಲಸ ಮಾಡಿಸೋಕೆ ಪಾಲಿಕೆಯ ಪಕ್ಕದಲ್ಲೇ ಒಂದು ಕಂಪನಿ ಹುಟ್ಟಿತು, ತುಮಕೂರು ಸ್ಮಾರ್ಟ್ ಸಿಟಿ ಲಿಮಿಟೆಡ್. ಅಮಾನಿಕೆರೆ ದಂಡೆ, ಸ್ಮಾರ್ಟ್ ರಸ್ತೆ, ಸ್ಟೇಡಿಯಂ, ಇವೆಲ್ಲ ನಿಮ್ಮ ಕಣ್ಣಿಗೆ ಬಿದ್ದಿವೆ. ರಸ್ತೆ ಅಗೆದ ಧೂಳು ಮೂಗಿಗೂ ಬಿದ್ದಿದೆ.

ಇದರಲ್ಲಿ ಕಣ್ಣಿಗೆ ಕಾಣದ ಭಾಗವೇ ಕಂಟ್ರೋಲ್ ರೂಮು. ಇಂಗ್ಲಿಷಿನಲ್ಲಿ ಉದ್ದದ ಹೆಸರಿದೆ, ಎಲ್ಲರೂ ಐಸಿಸಿಸಿ ಅಂತಾರೆ. ಕ್ಯಾಮೆರಾ, ಸಿಗ್ನಲ್, ಕಸದ ಗಾಡಿಯ ಜಿಪಿಎಸ್, ಬೀದಿ ದೀಪ, ನೀರಿನ ಪಂಪು, ಎಲ್ಲದರ ಮಾಹಿತಿ ಒಂದೇ ಗೋಡೆಗಾತ್ರದ ಸ್ಕ್ರೀನಿಗೆ ಬರಬೇಕು ಅನ್ನೋದು ಇದರ ಕಲ್ಪನೆ. ದೇಶದ 100 ನಗರಗಳಲ್ಲೂ ಇಂಥದ್ದು ಕಟ್ಟಿದ್ದಾರೆ. ಸಾಮಾನ್ಯವಾಗಿ ಒಂದು ಖಾಸಗಿ ಕಂಪನಿ ಟೆಂಡರ್ ಹಿಡಿದು ಕಟ್ಟುತ್ತೆ, ಕೆಲವು ವರ್ಷ ತನ್ನದೇ ಹುಡುಗ ಹುಡುಗಿಯರನ್ನ ಕೂರಿಸಿ ನಡೆಸುತ್ತೆ, ಆಮೇಲೆ ಒಪ್ಪಿಸಿ ಹೋಗುತ್ತೆ. ಯಾರಿಗೆ ಒಪ್ಪಿಸಿ? ಆಟೋ ಅಣ್ಣ ಕೇಳಿದ್ದೂ ಇದನ್ನೇ.

ಇದಕ್ಕೆ ಕರ್ನಾಟಕ ಒಂದು ಸಲ ಬಹಳ ಚೆನ್ನಾಗಿ ಉತ್ತರ ಕೊಟ್ಟಿತ್ತು. ಅದು ನಗರದಲ್ಲಲ್ಲ, ತಾಲೂಕು ಕಚೇರಿಯಲ್ಲಿ. ಅದರ ಹೆಸರು 'ಭೂಮಿ'.

ನಮ್ಮ ವಯಸ್ಸಿನವರಿಗೆ ಪಹಣಿ ಅಂದ್ರೆ ಮೊಬೈಲಲ್ಲಿ ಡೌನ್‌ಲೋಡ್ ಆಗೋ ಹಾಳೆ. ಅಜ್ಜಂದಿರ ಕಾಲದಲ್ಲಿ ಅದು ಶಾನುಭೋಗರ ಕೈಬರಹ. ಹುದ್ದೆ ಅಪ್ಪನಿಂದ ಮಗನಿಗೆ, ಪುಸ್ತಕ ಅವರ ಮನೆಯ ಪೆಟ್ಟಿಗೆಯಲ್ಲಿ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಯಾಗಿ ಆ ವಂಶಪಾರಂಪರ್ಯ ಹೋಯ್ತು, ಸಂಬಳದ ಗ್ರಾಮಲೆಕ್ಕಿಗರು ಬಂದ್ರು. ಪುಸ್ತಕ ಮಾತ್ರ ಹಾಗೇ ಉಳೀತು. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರು, ಒಬ್ಬೊಬ್ಬರ ಕೈಲಿ ಮೂರು ನಾಲ್ಕು ಊರು. ಪಹಣಿ ಬೇಕು ಅಂದ್ರೆ ಅವರನ್ನ ಹುಡುಕಬೇಕು, ಕಾಯಬೇಕು, ಕೈ ಬೆಚ್ಚಗೆ ಮಾಡಬೇಕು.

1990ರ ದಶಕದಲ್ಲೇ ಇದನ್ನ ಕಂಪ್ಯೂಟರಿಗೆ ಹಾಕೋ ಪ್ರಯತ್ನ ನಡೆದಿತ್ತು, ನಿಲ್ಲಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಪ್ರತಿ, ಗ್ರಾಮಲೆಕ್ಕಿಗರ ಪುಸ್ತಕದಲ್ಲಿ ಇನ್ನೊಂದು. ಜಮೀನು ಕೈ ಬದಲಾದಾಗ ತಿದ್ದುಪಡಿ ಆಗ್ತಿದ್ದಿದ್ದು ಪುಸ್ತಕದಲ್ಲಿ. ವರ್ಷ ಕಳೆಯೋ ಹೊತ್ತಿಗೆ ಕಂಪ್ಯೂಟರಿನದು ಹಳೇ ಕಥೆ.

ಆಮೇಲೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಭೂಮಿ ಯೋಜನೆ ರೂಪುಗೊಂಡಿತು. ಸಾಫ್ಟ್‌ವೇರ್ ಬರೆದಿದ್ದು ಎನ್‌ಐಸಿ. 6.7 ಮಿಲಿಯನ್, ಅಂದ್ರೆ 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನ ಟೈಪ್ ಮಾಡಿ, 177 ತಾಲೂಕುಗಳಲ್ಲಿ ಕೌಂಟರ್ ತೆರೆದು, 15 ರೂಪಾಯಿಗೆ ಪಹಣಿ ಕೊಟ್ಟರು. ಈ ಅಂಕಿಗಳು ಎಲ್ಲ ಕಡೆ ಸಿಗ್ತವೆ. ನನಗೆ ಇಷ್ಟವಾಗೋದು ಎರಡು ಸಣ್ಣ ನಿರ್ಧಾರ, ಅವನ್ನ ಯಾರೂ ಅಷ್ಟಾಗಿ ಹೇಳಲ್ಲ.

ಟೈಪಿಂಗ್ ಕೆಲಸವನ್ನ ಹೊರಗಿನ ಏಜೆನ್ಸಿಗಳಿಗೆ ಕೊಟ್ಟರು, ಸರಿ. ಆದ್ರೆ ಕೌಂಟರಿನ ಕುರ್ಚಿಯನ್ನ ಹೊರಗಿನವರಿಗೆ ಕೊಡಲಿಲ್ಲ. ಅಲ್ಲಿ ಕೂರಿಸಿದ್ದು ಇಲಾಖೆಯದ್ದೇ ಯುವ ಗ್ರಾಮಲೆಕ್ಕಿಗರನ್ನ. ಅವರಿಗೇ ತರಬೇತಿ. ಅವರ ಮೇಲಿನ ಅಧಿಕಾರಿಗಳಿಗೂ ಕಾರ್ಯಾಗಾರ ನಡೆಸಿದ್ರು, ಯಾಕಂದ್ರೆ ಸಾಹೇಬರಿಗೆ ಅರ್ಥವಾಗದ ಯಂತ್ರವನ್ನ ಗುಮಾಸ್ತ ಒಬ್ಬನೇ ಎಷ್ಟು ದಿನ ಎಳೀತಾನೆ? ಇದು ಒಂದು.

ಇನ್ನೊಂದು, ಲಾಗಿನ್‌ಗೆ ಬೆರಳಚ್ಚು. ಪಾಸ್‌ವರ್ಡ್ ಆದ್ರೆ ಚೀಟಿಯಲ್ಲಿ ಬರೆದು ಪಕ್ಕದವನಿಗೆ ಕೊಡಬಹುದು. ಬೆರಳು ಕೊಡೋಕಾಗಲ್ಲ. ಯಾರು ತಿದ್ದಿದ್ರೋ ಅವರೇ ಕೂತು ತಿದ್ದಿರಬೇಕು. ಹಾಗಾಗಿ ಕಲೀಲೇಬೇಕು. ಇದರ ಜೊತೆಗೆ ಒಂದೊಂದೇ ತಾಲೂಕಿನಲ್ಲಿ ದಿನಾಂಕ ಘೋಷಿಸಿ, ಅವತ್ತಿಂದ ಕೈಬರಹದ ಪಹಣಿ ಸಿಂಧುವಲ್ಲ ಅಂದುಬಿಟ್ಟರು. ಹಳೇ ಬಾಗಿಲು ಮುಚ್ಚಿತು.

ಭೂಮಿಯಿಂದ ಎಲ್ಲರಿಗೂ ಒಳ್ಳೇದಾಯ್ತು ಅಂತ ನಾನು ಹೇಳ್ತಿಲ್ಲ. ಸಾಲಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಅಧ್ಯಯನ ಬೇರೆ ಮುಖ ತೋರಿಸುತ್ತೆ. ದಾಖಲೆ ಒಂದೇ ಕಡೆ ಸೇರಿದ್ದು ಬೆಂಗಳೂರಿನ ಸುತ್ತ ದೊಡ್ಡ ಜಮೀನು ಹಿಡಿಯೋರಿಗೇ ಅನುಕೂಲವಾಯ್ತು ಅನ್ನೋದು ಅವರ ವಾದ. ಅದು ಬೇರೆ ಸಂಚಿಕೆಗಾಗೋ ವಿಷಯ. ನನ್ನ ಮಾತು ಕುರ್ಚಿಯ ಬಗ್ಗೆ ಮಾತ್ರ. ಕಲಿತವರು ಇಲಾಖೆಯೊಳಗೇ ಉಳಿದ್ರು.

ಅದೇ ಹೊತ್ತಿಗೆ ಶಾಲೆಗಳಲ್ಲಿ ಏನಾಯ್ತು ನೋಡಿ, ಪೂರ್ತಿ ಉಲ್ಟಾ.

ನಮ್ಮ ಸರ್ಕಾರಿ ಪ್ರೌಢಶಾಲೆಗಳಿಗೆ ಮಾಹಿತಿ ಸಿಂಧು ಅನ್ನೋ ಯೋಜನೆಯಲ್ಲಿ, ಆಮೇಲೆ ಐಸಿಟಿ ಅನ್ನೋ ಹೆಸರಲ್ಲಿ, ಕಂಪ್ಯೂಟರ್ ಲ್ಯಾಬ್ ಬಂದವು. ಯಂತ್ರ ಕಂಪನಿಯದು, ಕಲಿಸೋರೂ ಕಂಪನಿಯವರೇ. 'ಬೂಟ್' ಮಾದರಿ ಅಂತ ಕರೀತಿದ್ರು: ಕಟ್ಟು, ಇಟ್ಟುಕೋ, ನಡೆಸು, ಕೊನೆಗೆ ಒಪ್ಪಿಸು. ನಾನು ಓದಿದ್ದು ಗುಬ್ಬಿ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಲ್ಲಿ. ನಮಗೂ ಲ್ಯಾಬ್ ಇತ್ತು, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು, ದೇವಸ್ಥಾನದ ಥರ. ಒಬ್ರು ಕಂಪ್ಯೂಟರ್ ಸರ್ ಬರ್ತಿದ್ರು, ಪೇಂಟ್‌ನಲ್ಲಿ ಮನೆ ಬಿಡಿಸೋದು ಹೇಳಿಕೊಟ್ರು. ಅವರ ಗುತ್ತಿಗೆ ಮುಗೀತು, ಹೋದ್ರು. ನಮ್ಮ ಗಣಿತದ ಮೇಷ್ಟ್ರಿಗೆ ಯಂತ್ರ ಆನ್ ಮಾಡೋಕೂ ಯಾರೂ ಹೇಳಿಕೊಟ್ಟಿರಲಿಲ್ಲ. ಕಳುವಾದ್ರೆ ಯಾರು ಹೊಣೆ ಅಂತ ಲ್ಯಾಬಿಗೆ ಬೀಗ. ಹತ್ತನೇ ಕ್ಲಾಸ್ ಇಡೀ ವರ್ಷ ನಾವು ಕಿಟಕಿಯಿಂದ ಪ್ಲಾಸ್ಟಿಕ್ ಕವರ್ ಹೊದ್ದ ಮಾನಿಟರುಗಳನ್ನ ನೋಡಿದ್ವಿ.

ಆಗ ಗಡಿಯಾಚೆ ಕಾಸರಗೋಡಿನಲ್ಲಿ ನಮ್ಮ ಥರದ್ದೇ ಕನ್ನಡ ಮಾಧ್ಯಮದ ಮಕ್ಕಳು ಬೇರೆ ರೀತಿ ಕಲೀತಿದ್ರು. ಕೇರಳ 2001ರಲ್ಲಿ ಐಟಿ@ಸ್ಕೂಲ್ ಶುರು ಮಾಡಿದಾಗ ಕಲಿಸೋ ಕೆಲಸವನ್ನ ಶಾಲೆಯ ಮೇಷ್ಟ್ರುಗಳ ಕೈಗೇ ಕೊಟ್ಟಿತು. ಮೇಷ್ಟ್ರುಗಳಲ್ಲೇ ಕೆಲವರು ತರಬೇತುದಾರರಾದ್ರು, ಅವರು ಉಳಿದವರಿಗೆ ಕಲಿಸಿದ್ರು. ಲೈಸೆನ್ಸ್ ದುಡ್ಡು ಕೇಳದ ಮುಕ್ತ ತಂತ್ರಾಂಶ. ಐಟಿ ಪಠ್ಯಪುಸ್ತಕ ಮಲಯಾಳಂ ಜೊತೆಗೆ ಕನ್ನಡದಲ್ಲೂ. 2017ರಲ್ಲಿ ಆ ಯೋಜನೆಯೇ ಕೈಟ್ ಅನ್ನೋ ಸಂಸ್ಥೆಯಾಯ್ತು, 2018ರಲ್ಲಿ 'ಲಿಟಲ್ ಕೈಟ್ಸ್' ಅಂತ ಮಕ್ಕಳ ಕ್ಲಬ್ಬುಗಳು ಬಂದವು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಈ ಎರಡು ದಾರಿಗಳನ್ನ ಹೋಲಿಸಿ ಅಧ್ಯಯನ ಮಾಡಿ, ಮೇಷ್ಟ್ರನ್ನ ನಂಬಿದ ದಾರಿಯೇ ಗಟ್ಟಿ ಅಂತ ಹೇಳಿತು. ಕರ್ನಾಟಕವೂ 2011ರಿಂದ ಅದೇ ಸಂಸ್ಥೆಯ ಜೊತೆ ಸೇರಿ ವಿಷಯ ಶಿಕ್ಷಕರ ವೇದಿಕೆ ಅನ್ನೋ ಕಾರ್ಯಕ್ರಮದಲ್ಲಿ ಹೈಸ್ಕೂಲ್ ಮೇಷ್ಟ್ರುಗಳಿಗೆ ನೇರ ತರಬೇತಿ ಶುರು ಮಾಡಿತು. ನಾನು ಅಷ್ಟೊತ್ತಿಗೆ ಹೈಸ್ಕೂಲಿನ ಕೊನೇ ಬೆಂಚಲ್ಲಿದ್ದೆ, ನನ್ನ ಪಾಲಿಗೆ ಬಂದಿದ್ದು ಕಿಟಕಿ ಮಾತ್ರ.

ಈಗ ನಗರಕ್ಕೆ ಬರೋಣ. ಬಿಕಾಂ ಓದಿದವಳು ನಾನು, ಹಾಗಾಗಿ ಮುಂದಿನ ಎರಡು ನಿಮಿಷ ಡೆಬಿಟ್ ಕ್ರೆಡಿಟ್ ಸಹಿಸಿಕೊಳ್ಳಿ.

ನಗರಸಭೆ, ಪುರಸಭೆಗಳು ಬಹಳ ಕಾಲ ಲೆಕ್ಕ ಇಟ್ಟಿದ್ದು ಏಕನಮೂದು ಪದ್ಧತಿಯಲ್ಲಿ. ದುಡ್ಡು ಬಂತು, ಬರಿ. ದುಡ್ಡು ಹೋಯ್ತು, ಬರಿ. ಕಿರಾಣಿ ಅಂಗಡಿಯ ದಿನದ ಚೀಟಿ ಇದ್ದಂಗೆ. ಇದರಲ್ಲಿ ಒಂದು ತೊಂದರೆ ಇದೆ. ಮಾರ್ಚ್ ತಿಂಗಳ ಬೀದಿ ದೀಪದ ಕರೆಂಟ್ ಬಿಲ್ ಕಟ್ಟದೇ ಬಿಟ್ರೆ, ಆ ವರ್ಷದ ಪುಸ್ತಕದಲ್ಲಿ ಅದು ಕಾಣೋದೇ ಇಲ್ಲ. ದುಡ್ಡು ಹೋಗಿಲ್ಲವಲ್ಲ! ಯಾರಿಂದ ಎಷ್ಟು ತೆರಿಗೆ ಬಾಕಿ, ಮಳಿಗೆ ಬಾಡಿಗೆ ಎಷ್ಟು ನಿಂತಿದೆ, ಊರಿನ ಆಸ್ತಿ ಎಷ್ಟು, ಸಾಲ ಎಷ್ಟು, ಒಂದೇ ಹಾಳೆಯಲ್ಲಿ ಗೊತ್ತಾಗಲ್ಲ. ದ್ವಿನಮೂದು ಬಂದ್ರೆ ಗೊತ್ತಾಗುತ್ತೆ. ಬೆಂಗಳೂರು ಮಹಾನಗರ ಪಾಲಿಕೆ 2001ರಲ್ಲಿ ಈ ಕಡೆ ತಿರುಗಿತು. 1999ರಲ್ಲಿ ನಂದನ್ ನಿಲೇಕಣಿ ಅಧ್ಯಕ್ಷತೆಯಲ್ಲಿ ಬಂದ ಬೆಂಗಳೂರು ಕಾರ್ಯಪಡೆಯ ಕಾಲ ಅದು. ಉಳಿದ ಊರುಗಳಿಗೆ ನಿರ್ಮಲ ನಗರ ಯೋಜನೆ ಬಂತು, ಆಸ್ತಿ ತೆರಿಗೆ, ಜನನ ಮರಣ, ದೂರು, ಲೆಕ್ಕ, ಎಲ್ಲ ಕಂಪ್ಯೂಟರಿಗೆ. 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ದ್ವಿನಮೂದನ್ನ ಕಾನೂನು ಮಾಡಿದವು. ಸಿಬ್ಬಂದಿಗೆ ತರಬೇತಿ ಕೊಡೋಕೆ ಮೈಸೂರಿನಲ್ಲಿ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಇದೆ, ಒಳ್ಳೇ ಕ್ಯಾಂಪಸ್ಸು. ಆದ್ರೆ ಮೂರು ದಿನ ಮೈಸೂರಲ್ಲಿ ಕಲಿತದ್ದು ನಾಲ್ಕನೇ ದಿನ ಊರಿನ ಕಚೇರಿಗೆ ಬಂದು ಕೂತಾಗ ಏನಾಗುತ್ತೆ, ಅದನ್ನ ನಾನು ಕಣ್ಣಾರೆ ನೋಡಿದ್ದೀನಿ.

ತಪ್ಪೊಪ್ಪಿಗೆ ಈಗ.

ಡಿಗ್ರಿ ಮುಗಿದ ಮೇಲೆ ಒಬ್ಬ ಆಡಿಟರ್ ಹತ್ತಿರ ಕೆಲಸಕ್ಕೆ ಸೇರಿದೆ. ಜಿಲ್ಲೆಯ ಒಂದು ಪುರಸಭೆಯ ಲೆಕ್ಕ ನಮ್ಮ ಆಫೀಸಿಗೆ ಬಂದಿತ್ತು. ವಾರಕ್ಕೆ ಎರಡು ದಿನ ಬಸ್ ಹತ್ತಿ ಹೋಗಿ ಸಾಫ್ಟ್‌ವೇರಿಗೆ ಎಂಟ್ರಿ ಹಾಕೋದು ನನ್ನ ಕೆಲಸ. ಅಲ್ಲೊಬ್ರು ಅಕೌಂಟ್ಸ್ ನೋಡೋರು ಇದ್ರು, ನಿವೃತ್ತಿಗೆ ಎರಡು ಮೂರು ವರ್ಷ ಬಾಕಿ. ಕ್ಯಾಶ್ ಬುಕ್ ಅವರ ಕೈಬರಹದಲ್ಲಿ, ಮುತ್ತು ಪೋಣಿಸಿದಂಗೆ. ಒಂದು ಪೈಸೆ ವ್ಯತ್ಯಾಸ ಬಂದ್ರೆ ಊಟಕ್ಕೆ ಏಳ್ತಿರಲಿಲ್ಲ. ಮೊದಮೊದಲು ನನ್ನ ಪಕ್ಕ ಕುರ್ಚಿ ಎಳ್ಕೊಂಡು ಕೂತು ಕೇಳೋರು: "ಇದ್ಯಾಕಮ್ಮ ಎರಡು ಕಡೆ ಬರೀತೀಯ? ದುಡ್ಡು ಒಂದೇ ಅಲ್ವಾ?" ಎಂಥ ಒಳ್ಳೇ ಪ್ರಶ್ನೆ! ಲೂಕಾ ಪಾಚಿಯೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಪುಸ್ತಕದಿಂದ ಹಿಡಿದು ಎಲ್ಲ ಕಾಮರ್ಸ್ ಮೇಷ್ಟ್ರುಗಳೂ ಉತ್ತರ ಕೊಡ್ತಾ ಬಂದಿರೋ ಪ್ರಶ್ನೆ ಅದು. ನಾನು ಏನಂದೆ ಗೊತ್ತಾ? "ಬಿಡಿ ಸಾರ್, ನಾನೇ ಹಾಕ್ತೀನಿ, ಬೇಗ ಆಗುತ್ತೆ."

ನಾಲ್ಕು ಗಂಟೆ ಬಸ್ಸು ತಪ್ಪಿದ್ರೆ ಆರಕ್ಕೇ ಇನ್ನೊಂದು. ಅದು ನೆಪ, ನಿಜವೂ ಹೌದು. ಹೀಗೇ ಒಂದೂವರೆ ವರ್ಷ. ಲಾಗಿನ್ ಅವರ ಹೆಸರಲ್ಲಿತ್ತು, ಪಾಸ್‌ವರ್ಡ್ ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ನಾನು ಪ್ರಿಂಟ್ ತೆಗೆದು ಕೊಟ್ಟದ್ದಕ್ಕೆ ಅವರು ಸೈನ್ ಹಾಕ್ತಿದ್ರು. ಕೆಲವು ತಿಂಗಳಾದ ಮೇಲೆ ಕುರ್ಚಿ ಎಳ್ಕೊಂಡು ಬರೋದನ್ನೂ ಬಿಟ್ಟರು. ನಾನು ಆ ಕೆಲಸ ಬಿಟ್ಟಾಗ ಅಲ್ಲಿ ಒಬ್ಬರಿಗೂ ಒಂದು ಜರ್ನಲ್ ಎಂಟ್ರಿ ಹಾಕೋಕೆ ಬರ್ತಿರಲಿಲ್ಲ. ಭೂಮಿಯ ಬೆರಳಚ್ಚಿನ ಕಥೆ ಓದುವಾಗ ಇದೇ ನೆನಪಾಗಿ ಪುಸ್ತಕ ಮುಚ್ಚಿಟ್ಟೆ. ನನ್ನ ಹೈಸ್ಕೂಲಿಗೆ ಬಂದು ಹೋದ ಕಂಪ್ಯೂಟರ್ ಸರ್‌ಗೂ ನನಗೂ ಏನು ವ್ಯತ್ಯಾಸ? ಅವರಾದ್ರೂ ಮನೆ ಬಿಡಿಸೋದು ಹೇಳಿಕೊಟ್ಟಿದ್ರು.

ಕಲಿಸಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. ಇದಕ್ಕೆ ಹುಬ್ಬಳ್ಳಿ-ಧಾರವಾಡದ್ದೊಂದು ಉದಾಹರಣೆ. ನೆಕ್ಸ್ಟ್‌ಡ್ರಾಪ್ ಅಂತ ಒಂದು ಸ್ಟಾರ್ಟಪ್ 2011ರ ಹೊತ್ತಿಗೆ ಅಲ್ಲಿ ಕೆಲಸ ಶುರು ಮಾಡಿತು. ಸೆನ್ಸರ್ ಇಲ್ಲ, ದೊಡ್ಡ ಸ್ಕ್ರೀನ್ ಇಲ್ಲ. ನೀರು ಬಿಡೋ ವಾಲ್ವ್‌ಮನ್ ವಾಲ್ವ್ ತಿರುಗಿಸುವಾಗ ಒಂದು ನಂಬರಿಗೆ ಫೋನ್ ಮಾಡಬೇಕು, ಆ ಬಡಾವಣೆಯ ಜನಕ್ಕೆ ನೀರು ಬರುತ್ತೆ ಅಂತ ಎಸ್ಸೆಮ್ಮೆಸ್ ಹೋಗುತ್ತೆ. ಎಷ್ಟು ಸರಳ! ಆಮೇಲೆ ಇದೇ ಬೆಂಗಳೂರಿಗೂ ಬಂತು. ಅಲ್ಲಿ ಸಂದೇಶಗಳು ನೆಚ್ಚಿಕೊಳ್ಳೋ ಹಾಗೆ ಬರಲಿಲ್ಲ. ಯಾಕೆ ಅಂತ ಕ್ರಿಸ್ಟೋಫರ್ ಹ್ಯೂನ್, ಆಲಿಸನ್ ಪೋಸ್ಟ್, ಇಶಾ ರೇ ಅನ್ನೋ ಸಂಶೋಧಕರು ವಾಲ್ವ್‌ಮನ್‌ಗಳ ಜೊತೆ ಓಡಾಡಿ ನೋಡಿದ್ರು, 2018ರಲ್ಲಿ ಪ್ರಕಟಿಸಿದ್ರು. ಅವರು ಎತ್ತಿ ತೋರಿಸಿದ ಅಡ್ಡಿ ಮನೆಯ ಜವಾಬ್ದಾರಿ ಮತ್ತು ದುಡ್ಡಿನ ಒತ್ತಡ. ಬೆಳಗಿನ ಜಾವ ವಾಲ್ವ್ ಬಿಟ್ಟು, ಮಗುವನ್ನ ಶಾಲೆಗೆ ಬಿಟ್ಟು, ಇನ್ನೊಂದು ಕೂಲಿಗೆ ಓಡೋ ಮನುಷ್ಯನಿಗೆ ನಿಮ್ಮ ಸಿಸ್ಟಮ್ಮಿಗೆ ಫೋನ್ ಮಾಡೋದು ಕೊನೇ ಕೆಲಸ.

ನಮ್ಮ ತುಮಕೂರಿಗೆ ನೀರು ಬರೋದು ಹೇಮಾವತಿಯಿಂದ, ಬುಗುಡನಹಳ್ಳಿ ಕೆರೆ ಮೂಲಕ. ಪಂಪಿನ ಒತ್ತಡ ಸ್ಕ್ರೀನಲ್ಲಿ ನೋಡಬಹುದು. ಆದ್ರೆ ಯಾವ ಕ್ರಾಸಿನ ವಾಲ್ವ್ ಎಷ್ಟು ಸುತ್ತು ತಿರುಗಿಸಿದ್ರೆ ಕೊನೇ ಮನೆಗೆ ನೀರು ಏರುತ್ತೆ ಅನ್ನೋದು ವಾಲ್ವ್‌ಮನ್ ತಲೆಯಲ್ಲಿರುತ್ತೆ. ಸ್ಮಾರ್ಟ್ ಸಿಟಿ ತರಬೇತಿ ಅಂದಾಗ ಯಾವಾಗಲೂ ಇವರನ್ನ ಕೆಳಗೆ ಕೂರಿಸಿ ಮೇಲಿನವರು ಪಿಪಿಟಿ ತೋರಿಸ್ತಾರೆ. ಒಂದು ದಿನ ಇವರನ್ನ ಮೈಕ್ ಮುಂದೆ ನಿಲ್ಲಿಸಿ, ಕಂಪನಿಯ ಎಂಜಿನಿಯರುಗಳನ್ನ ನೋಟ್ಸ್ ಬರೆಯೋಕೆ ಕೂರಿಸಿದ್ರೆ ಹೇಗಿರುತ್ತೆ? ನಾನು ಖಂಡಿತ ರೆಕಾರ್ಡ್ ಮಾಡೋಕೆ ಬರ್ತೀನಿ.

ಭೂಮಿಯನ್ನ ಅಷ್ಟು ಹೊಗಳಿದೆನಲ್ಲ, ಅದರ ವಾರಸುದಾರರ ಇವತ್ತಿನ ಪಾಡೂ ಕೇಳಿ. ಗ್ರಾಮಲೆಕ್ಕಿಗರಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು. 2024ರ ಸೆಪ್ಟೆಂಬರಿನಲ್ಲಿ ಅವರು ರಾಜ್ಯದಾದ್ಯಂತ ಮುಷ್ಕರ ಹೂಡಿದ್ರು, 2025ರ ಫೆಬ್ರವರಿಯಲ್ಲಿ ಮತ್ತೊಂದು ಸಲ. ದೂರುಗಳಲ್ಲಿ ಮುಖ್ಯವಾದದ್ದು ಆ್ಯಪ್‌ಗಳು. ಒಂದರ ಮೇಲೊಂದು ಆ್ಯಪ್ ಕೊಡ್ತೀರಿ, ಕೂರೋಕೆ ಸರಿಯಾದ ಕಚೇರಿ ಇಲ್ಲ, ಲ್ಯಾಪ್‌ಟಾಪ್ ಇಲ್ಲ, ಸ್ಕ್ಯಾನರ್ ಇಲ್ಲ ಅಂತ. ಯಂತ್ರವನ್ನ ಹೆದರದೆ ಕಲಿತ ಹುದ್ದೆಯವರೇ ಯಂತ್ರದ ವಿರುದ್ಧ ಧರಣಿ ಕೂತಿದ್ದು ಸಣ್ಣ ಸುದ್ದಿಯಲ್ಲ. ನಾವು ಅದನ್ನ 'ಜಾತಿ ಸರ್ಟಿಫಿಕೇಟ್ ಲೇಟಾಗುತ್ತೆ' ಅನ್ನೋ ಸುದ್ದಿಯಾಗಿ ಓದಿ ಮುಂದೆ ಸ್ಕ್ರಾಲ್ ಮಾಡಿದ್ವಿ.

ಇನ್ನು ನಮ್ಮಂಥ ಯುವಕ ಯುವತಿಯರಿಗೆ ಏನಿತ್ತು? 2020ರ ಜೂನ್ 4ಕ್ಕೆ ಟ್ಯುಲಿಪ್ ಅಂತ ಒಂದು ಇಂಟರ್ನ್‌ಶಿಪ್ ಯೋಜನೆ ಬಂತು, ಕೇಂದ್ರ ನಗರಾಭಿವೃದ್ಧಿ ಸಚಿವಾಲಯ ಮತ್ತು ಎಐಸಿಟಿಇ ಸೇರಿ ಮಾಡಿದ್ದು. ಹೊಸದಾಗಿ ಡಿಗ್ರಿ ಮುಗಿಸಿದವರು ಪಾಲಿಕೆಗಳಲ್ಲಿ, ಸ್ಮಾರ್ಟ್ ಸಿಟಿ ಕಂಪನಿಗಳಲ್ಲಿ ಕೆಲಕಾಲ ಕೆಲಸ ಕಲಿಯಬಹುದು. ಎಂಜಿನಿಯರಿಂಗ್ ಮಾತ್ರ ಅಲ್ಲ, ಬಿಕಾಂನವರಿಗೂ ಅವಕಾಶ ಇತ್ತು. ಅದೇ ವರ್ಷ ಕೊರೊನಾ ಬಂದು ದೇಶದ ಹಲವು ನಗರಗಳ ಕಂಟ್ರೋಲ್ ರೂಮುಗಳು ರಾತ್ರೋರಾತ್ರಿ ವಾರ್ ರೂಮುಗಳಾದವು. ಟ್ರಾಫಿಕ್ ನೋಡೋಕೆ ಕಟ್ಟಿದ ಸ್ಕ್ರೀನಿನಲ್ಲಿ ಹಾಸಿಗೆ, ಆಂಬುಲೆನ್ಸ್ ಲೆಕ್ಕ. ಆ ಹೊತ್ತಲ್ಲಿ ಯಂತ್ರ, ಕಂಪನಿ ಹುಡುಗರು, ಡಾಕ್ಟರು, ಪಾಲಿಕೆ ಸಿಬ್ಬಂದಿ ಒಂದೇ ರೂಮಲ್ಲಿ ಕೂತು ಒಬ್ಬರಿಂದೊಬ್ಬರು ಕಲಿಯಲೇಬೇಕಾಯ್ತು. ಯಾವ ತರಬೇತಿ ಕೇಂದ್ರವೂ ಅಷ್ಟು ಬೇಗ ಕಲಿಸಿರಲಿಕ್ಕಿಲ್ಲ ಅಂತ ನನ್ನ ಅನಿಸಿಕೆ.

2025ರ ಮಾರ್ಚ್ 31ಕ್ಕೆ ಸ್ಮಾರ್ಟ್ ಸಿಟಿ ಮಿಷನ್ ಮುಗೀತು. ಸ್ಕ್ರೀನ್ ನಡೆಯೋಕೆ ಕರೆಂಟ್ ಬಿಲ್ ಬರುತ್ತೆ, ಕ್ಯಾಮೆರಾ ಕೆಡುತ್ತೆ, ಸಾಫ್ಟ್‌ವೇರ್ ಲೈಸೆನ್ಸ್ ನವೀಕರಣ ಬರುತ್ತೆ. ಇದೆಲ್ಲ ಇನ್ನು ಮುಂದೆ ಊರಿನ ಖರ್ಚು, ಅಂದ್ರೆ ನಿಮ್ಮಪ್ಪ ಕಟ್ಟೋ ಮನೆ ಕಂದಾಯ. ಆಟೋ ಅಣ್ಣನಿಗೆ ಹೇಳೋಕೆ ನನ್ನ ಹತ್ತಿರ ಈಗ ಉದ್ದದ ಉತ್ತರ ಇದೆ. ಅವರು ಕೇಳಿದ್ದು ಮಾತ್ರ ಒಂದೇ ಪದದ ಪ್ರಶ್ನೆ.

ಈ ಸಂಚಿಕೆ ಬರೆಯೋ ಮುಂಚೆ ಆ ಪುರಸಭೆಯ ಸಾರ್‌ಗೆ ಫೋನ್ ಮಾಡಿದೆ. ರಿಟೈರ್ ಆಗಿದ್ದಾರೆ, ಕುಣಿಗಲ್ ಕಡೆ ತೋಟ ನೋಡ್ಕೊಂಡಿದ್ದಾರೆ. ಸಾರಿ ಕೇಳಿದೆ, ಯಾಕೆ ಅಂತ ಅವರಿಗೆ ಅರ್ಥವಾಗೋಕೆ ಸ್ವಲ್ಪ ಹೊತ್ತಾಯ್ತು. ಆಮೇಲೆ ಎರಡು ಕಡೆ ಯಾಕೆ ಬರೀತೀವಿ ಅಂತ ಫೋನಲ್ಲೇ ಹೇಳಿದೆ, ಕೊಬ್ಬರಿ ವ್ಯಾಪಾರದ ಉದಾಹರಣೆ ಕೊಟ್ಟು. ಪೂರ್ತಿ ಕೇಳಿಸಿಕೊಂಡು, "ಇಷ್ಟೇನಾ? ಇದನ್ನ ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲಮ್ಮ" ಅಂದ್ರು. ಈಗ ಅಲ್ಲಿ ಲೆಕ್ಕ ಯಾರು ಹಾಕ್ತಾರೆ ಸಾರ್ ಅಂತ ಕೇಳಿದೆ.

"ಯಾರೋ ಹುಡುಗ ಬರ್ತಾನಂತೆ, ಆಡಿಟರ್ ಆಫೀಸಿಂದ. ವಾರಕ್ಕೆ ಎರಡು ದಿನ."